ಬೆಟ್ಟಕ್ಕೆ ಬಿದ್ದ ಹೆಚ್ಚಿನ ಗೆರೆ

ಐದನೆಯ ತರಗತಿಯ ಮಕ್ಕಳಿಗೆ 'ನಮ್ಮ ಮನೆ' ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆಯಲು ಹೇಳಿದ್ದೆ. ನಲವತ್ತು ಮಕ್ಕಳ ಪೈಕಿ ಮೂವತ್ತೊಂಬತ್ತು ಮಂದಿ ನಾನು ಹೇಳಿಕೊಟ್ಟ ಹಾಗೆಯೇ ಬರೆದಿದ್ದರು. ನಮ್ಮ ಮನೆ ದೊಡ್ಡದಾಗಿದೆ, ಮನೆಯ ಮುಂದೆ ಹೂದೋಟವಿದೆ, ನಾವೆಲ್ಲರೂ ಸಂತೋಷದಿಂದ ಇದ್ದೇವೆ. ಅವರಲ್ಲಿ ಹೂದೋಟವಿದ್ದ ಮನೆಯವರು ಇಬ್ಬರೋ ಮೂವರೋ ಇದ್ದಿರಬೇಕು. ನಲವತ್ತನೆಯ ಹುಡುಗಿ ಮಾತ್ರ ಹೀಗೆ ಬರೆದಿದ್ದಳು: "ನಮ್ಮ ಮನೆ ಹನ್ನೊಂದು ಅಡಿ ಉದ್ದ, ಒಂಬತ್ತು ಅಡಿ ಅಗಲ. ಬಾಗಿಲು ಒಳಕ್ಕೆ ತೆರೆಯುತ್ತದೆ. ಆದ್ದರಿಂದ ಅಪ್ಪ ಬಂದಾಗಲೆಲ್ಲ ಅಮ್ಮ ಎದ್ದು ನಿಲ್ಲಬೇಕು. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಅಮ್ಮ ಕುಳಿತೇ ಇರಬಹುದು."

ಹತ್ತು ವಾಕ್ಯ ಕೇಳಿದ್ದಕ್ಕೆ ನಾಲ್ಕೇ ವಾಕ್ಯ. ನಾನು ನಾಲ್ಕೇ ಅಂಕ ಕೊಟ್ಟೆ. ಆ ಅಂಕವನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಆ ಇಡೀ ಕಟ್ಟಿನಲ್ಲಿ ಮನೆಯನ್ನು ಕಣ್ಣಿನಿಂದ ನೋಡಿ ಬರೆದವಳು ಅವಳೊಬ್ಬಳೇ ಎಂಬುದು ನನಗೆ ಹೊಳೆಯುವ ಹೊತ್ತಿಗೆ ಅವಳು ಶಾಲೆ ಬಿಟ್ಟು ಹೋಗಿದ್ದಳು.

ಜೊತೆಯ ಮಕ್ಕಳು ಅವಳಿಗೆ 'ಅಳತೆ' ಎಂದು ಹೆಸರಿಟ್ಟಿದ್ದರು. ಸದಾ ಕೈಯಲ್ಲೊಂದು ಮರದ ಸ್ಕೇಲು. ಬೆಂಚು ಅಳೆಯುವಳು, ಕಿಟಕಿ ಅಳೆಯುವಳು, ಒಮ್ಮೆ ನಾನು ಕುಳಿತಿದ್ದಾಗಲೇ ನನ್ನ ಕುರ್ಚಿಯ ಕಾಲು ಅಳೆದು, "ಸಾರ್, ಈ ಕಾಲು ಅರ್ಧ ಇಂಚು ಗಿಡ್ಡ, ಅದಕ್ಕೇ ನೀವು ಪಾಠ ಮಾಡುವಾಗ ಅಲ್ಲಾಡ್ತೀರಿ" ಎಂದಿದ್ದಳು. ತರಗತಿ ಗೊಳ್ಳೆಂದಿತು. ಕುರ್ಚಿಯ ಕಾಲಿಗೆ ಮಡಿಸಿದ ರಟ್ಟು ಇಟ್ಟುಕೊಂಡ ಮೇಲೆ ನಾನು ಅಲ್ಲಾಡಲಿಲ್ಲ ಎಂಬುದೂ ನಿಜ. ನಾನೂ ಅವಳನ್ನು ಅಳತೆ ಎಂದೇ ಕರೆಯತೊಡಗಿದೆ. ಐವತ್ತರ ಹತ್ತಿರ ಬಂದಿರುವ ಅವಳನ್ನು ಈಗಲೂ ಹಾಗೆಯೇ ಕರೆಯುತ್ತೇನೆ.

ಅವಳ ತಂದೆ ಮನೆಗಳಿಗೆ ಬಣ್ಣ ಬಳಿಯುವವರು. ಊರಿನ ಅರ್ಧದಷ್ಟು ಗೋಡೆ ಅವರ ಕೈಯಿಂದಲೇ ಹೊಳೆಯುತ್ತಿತ್ತು. ಆದರೆ ತಮ್ಮದು ಎನ್ನಲು ಒಂದು ಗೋಡೆಯೂ ಇರಲಿಲ್ಲ. ಹತ್ತು ವರ್ಷದಲ್ಲಿ ಏಳು ಬಾಡಿಗೆ ಕೋಣೆ ಬದಲಾಯಿಸಿದರು. ಪ್ರತಿ ಕೋಣೆಗೆ ಹೋದ ದಿನವೂ ತಾಯಿ ಒಂದು ಹಳೆಯ ಬೆಡ್‌ಶೀಟನ್ನು ಹಗ್ಗಕ್ಕೆ ಹಾಕಿ, "ಇಕೋ, ಇದು ನಿನ್ನ ರೂಮು, ಓದ್ಕೋ" ಎನ್ನುತ್ತಿದ್ದರಂತೆ. ಬೆಡ್‌ಶೀಟನ್ನು ಒಂದು ಗೇಣು ಆಚೆ ಸರಿಸಿದರೆ ಗಾಳಿ ಬರುತ್ತದೆ, ಎರಡು ಗೇಣು ಈಚೆ ತಂದರೆ ಅಪ್ಪನಿಗೆ ಕಾಲು ಚಾಚಲು ಜಾಗ ಸಿಗುತ್ತದೆ ಎಂಬ ಲೆಕ್ಕವನ್ನು ಅವಳು ಕಲಿತದ್ದು ಹಾಗೆ. ಅದು ನಾನು ಕಲಿಸಿದ ಲೆಕ್ಕವಲ್ಲ.

ಹತ್ತೊಂಬತ್ತನೆಯ ವಯಸ್ಸಿಗೆ ಒಬ್ಬ ಇಂಜಿನಿಯರ್ ಕಚೇರಿಯಲ್ಲಿ ನಕ್ಷೆ ತೆಗೆಯುವ ಕೆಲಸಕ್ಕೆ ಸೇರಿದಳು. ಮೊದಲು ತೆಳುಕಾಗದದ ಮೇಲೆ ಶಾಯಿಯ ಗೆರೆ, ಆಮೇಲೆ ಕಂಪ್ಯೂಟರು. ಇಪ್ಪತ್ತೇಳು ವರ್ಷ ಅದೇ ಮೇಜು. ನಕ್ಷೆಯ ಬಲಮೂಲೆಯಲ್ಲಿ ಒಂದು ಪುಟ್ಟ ಚೌಕವಿರುತ್ತದೆ, ಮನೆಯನ್ನು ರೂಪಿಸಿದವರು ಅಲ್ಲಿ ಸಹಿ ಮಾಡಬೇಕು. ಸಾವಿರಾರು ಚೌಕಗಳನ್ನು ಅವಳೇ ಬರೆದಳು, ಒಂದರೊಳಗೂ ಅವಳ ಹೆಸರಿಲ್ಲ. ನಲವತ್ತು ದಾಟಿದ ಮೇಲೆ ಸಂಜೆ ಕಾಲೇಜಿಗೆ ಸೇರಿ, ತನ್ನ ಅರ್ಧ ವಯಸ್ಸಿನವರ ಜೊತೆ ಬೆಂಚು ಹಂಚಿಕೊಂಡು ಪರೀಕ್ಷೆ ಪಾಸು ಮಾಡಿದಳು. ಆಮೇಲೆ ಹಲವು ವರ್ಷ ಅಲೆದು, ಸ್ವಂತ ಸಹಿ ಹಾಕುವ ಪರವಾನಗಿ ಪಡೆದಳು. ಅದನ್ನು ತಂದು ನನಗೆ ತೋರಿಸಿದ ದಿನ ನಾನು ಕನ್ನಡಕ ಹುಡುಕುವ ನೆಪದಲ್ಲಿ ಒಳಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಕಚೇರಿ ಬಿಟ್ಟು ತನ್ನ ಮನೆಯ ಮುಂಕೋಣೆಯಲ್ಲೇ ಮೇಜು ಹಾಕಿದಳು. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಅವಳ ಗಂಡನ ಹೊಲಿಗೆ ಯಂತ್ರ. ಆತ ದರ್ಜಿ, ಮಾತಿನಲ್ಲಿ ಚುರುಕು. "ನಾನು ಮನುಷ್ಯರ ಅಳತೆ ತಗೊಂಡು ಬಟ್ಟೆ ಹೊಲೀತೀನಿ, ಇವಳು ಮನುಷ್ಯರ ಅಳತೆ ತಗೊಂಡು ಮನೆ ಹೊಲೀತಾಳೆ. ವ್ಯತ್ಯಾಸ ಇಷ್ಟೇ ಮೇಷ್ಟ್ರೇ, ನನ್ನ ಹತ್ರ ಜನ ಬರ್ತಾರೆ" ಎನ್ನುತ್ತಿದ್ದ. ಆರು ತಿಂಗಳಲ್ಲಿ ಅವಳಿಗೆ ಸಿಕ್ಕಿದ್ದು ಒಂದು ಕಾಂಪೌಂಡು ಗೋಡೆ, ಒಂದು ನೀರಿನ ತೊಟ್ಟಿ ಮತ್ತು ಯಾರದೋ ಮಾಳಿಗೆಯ ಮೆಟ್ಟಿಲು.

ಆಗ ಆ ಕುಟುಂಬ ಬಂತು. ಕಳಿಸಿದವನು ನಾನೇ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಒಬ್ಬ ಹೆಣ್ಣುಮಗಳು ನಮ್ಮ ಊರಿನ ಗ್ರಂಥಾಲಯಕ್ಕೆ ಬರುತ್ತಿದ್ದಳು. ಅವಳ ಗಂಡ ಪಿಟೀಲು ಮಾಡುವವನು, ಹಳೆಯದನ್ನು ರಿಪೇರಿಯೂ ಮಾಡುತ್ತಾನೆ. ಏಳು ವರ್ಷದ ಮಗಳು, ಎರಡು ವರ್ಷದ ಮಗ. ಊರಾಚೆಯ ಬೆಟ್ಟದ ಇಳಿಜಾರಿನಲ್ಲಿ ಅವರದೊಂದು ಜಾಗವಿತ್ತು. ಮೇಲೆ ರಸ್ತೆ, ಕೆಳಗೆ ಬೇಲಿ, ನಡುವೆ ಸೊಂಟದೆತ್ತರದ ಒಣ ಹುಲ್ಲು. ಜಾಗ ಇಬ್ಬರು ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿತ್ತು. ಆದ್ದರಿಂದ ಮನೆಯ ಅರ್ಜಿಗೆ ಪಿಟೀಲಿನವನ ಅಣ್ಣನ ಸಹಿಯೂ ಬೇಕಾಗಿತ್ತು.

ಅಣ್ಣನಿಗೆ ಟೈಲ್ಸ್ ಅಂಗಡಿ. ಭಾರೀ ಆಳು, ಭಾರೀ ದನಿ, ಮಂಡಿ ಮಾತ್ರ ನೋವು. ಅಳತೆಯ ಮುಂಕೋಣೆಗೆ ಅವರೆಲ್ಲ ಮೊದಲ ಸಲ ಬಂದಾಗ ನಾನೂ ಇದ್ದೆ. ಅವಳು ಎಷ್ಟು ಕೋಣೆ ಬೇಕು ಎಂದು ಕೇಳಲಿಲ್ಲ.

"ಬೆಳಿಗ್ಗೆ ಯಾರು ಮೊದಲು ಏಳ್ತೀರಿ?" ಎಂದು ಶುರುಮಾಡಿದಳು.

"ಚಿಕ್ಕೋನು" ಎಂದಳು ಚಿತ್ರಗಾರ್ತಿ. "ಆಮೇಲೆ ಅವನು ಯಾರನ್ನೂ ಮಲಗೋಕೆ ಬಿಡಲ್ಲ."

"ಚಿತ್ರ ಬರೆಯುವಾಗ ಮಕ್ಕಳು ಕಣ್ಣಿಗೆ ಕಾಣ್ತಿರಬೇಕೋ, ಕಾಣಬಾರದೋ?"

"ಕಾಣಬೇಕು. ಆದ್ರೆ ಕೈಗೆ ಸಿಗಬಾರದು."

"ನೀವಿಬ್ಬರು ಜಗಳ ಆಡಿದ್ರೆ ಎಲ್ಲಿ ಕೂತು ಆಡ್ತೀರಿ?"

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಪಿಟೀಲಿನವನು, "ಅಡುಗೆಮನೆಯಲ್ಲಿ, ನಿಂತ್ಕೊಂಡೇ" ಎಂದ. ಅಳತೆ ಅದನ್ನೂ ಬರೆದುಕೊಂಡಳು.

ಅಣ್ಣನಿಗೆ ತಡೆಯಲಾಗಲಿಲ್ಲ. "ಅಲ್ಲಮ್ಮಾ, ಇದೇನು ಮನೆ ಕಟ್ಟೋ ಮಾತೋ, ಸಂಬಂಧ ಕುದುರಿಸೋ ಮಾತೋ? ಬೆಟ್ಟ ಕಡೀರಿ, ನೆಲ ಸಮ ಮಾಡಿ, ನಾಲ್ಕು ಗೋಡೆ ಎಬ್ಬಿಸಿ. ಮನೆ ಅಂದ್ರೆ ಅಷ್ಟೇ. ನಿಮ್ಮ ಹಳೇ ಇಂಜಿನಿಯರ್ ಆಗಿದ್ರೆ ಇಷ್ಟು ಹೊತ್ತಿಗೆ ನಕ್ಷೆ ಕೈಗೆ ಕೊಟ್ಟಿರೋರು."

"ಕೊಟ್ಟಿರೋರು" ಎಂದಳು ಅಳತೆ. "ಬರೆದಿರೋಳು ನಾನೇ ಆಗಿರ್ತಿದ್ದೆ."

ಚಿತ್ರಗಾರ್ತಿ ನಕ್ಕುಬಿಟ್ಟಳು. "ಭಾವ, ಈ ಅಕ್ಕನೇ ಮಾಡ್ಲಿ" ಎಂದಳು. ಭಾವನವರು ಒಪ್ಪಿದರು, ಆದರೆ ಕಡ್ಡಿ ತುಂಡು ಮಾಡಿದಂತೆ ಒಂದು ಮಾತು ಹೇಳಿದರು. "ನೋಡಮ್ಮಾ, ನಕ್ಷೆ ಬರೀರಿ. ನೆಲದ ಮೇಲೆ ತೋರಿಸಿ. ತೋರಿಸಿದ ದಿನ ಎಲ್ಲ ಸರಿಯಾಗಿ ಕೂತ್ರೆ ಅಲ್ಲೇ ಸಹಿ ಹಾಕ್ತೀನಿ. ಒಂದಡಿ ಆಚೀಚೆ ಆದ್ರೂ ಇಂಜಿನಿಯರ್ ಹತ್ರ ಹೋಗೋದೇ. ಆಮೇಲೆ ಬೇಜಾರು ಮಾಡ್ಕೋಬಾರದು."

ನೆಲದ ಮೇಲೆ ತೋರಿಸುವುದು ಎಂದರೆ ಅಳತೆಯದೇ ಒಂದು ಪದ್ಧತಿ. ಕಾಗದ ನೋಡಿ ಮನೆ ಅರ್ಥಮಾಡಿಕೊಳ್ಳಲು ಎಲ್ಲರಿಗೂ ಬರುವುದಿಲ್ಲ ಎಂಬುದು ಅವಳ ವಾದ. ಅವಳು ಜಾಗದಲ್ಲಿ ಕಂಬ ನೆಟ್ಟು, ಹಗ್ಗ ಕಟ್ಟಿ, ಗೋಡೆ ಬರುವಲ್ಲೆಲ್ಲ ಬೆಡ್‌ಶೀಟು ನೇತುಹಾಕುತ್ತಾಳೆ. ಬಾಗಿಲಿರುವಲ್ಲಿ ಸೀಳು. ಆ ಮನೆಯವರು ಅದರೊಳಗೆ ಒಂದು ಹಗಲು ಇರಬೇಕು, ಉಣ್ಣಬೇಕು, ಕೆಲಸ ಮಾಡಬೇಕು, ಮಗುವನ್ನು ಮಲಗಿಸಬೇಕು. ಆಮೇಲೆ ಎಲ್ಲಿ ಮೊಣಕೈ ತಗುಲಿತು, ಎಲ್ಲಿ ಬಿಸಿಲು ಚುಚ್ಚಿತು ಎಂದು ಹೇಳಬೇಕು. ಒಬ್ಬ ಅತಿಥಿಯೂ ಬೇಕು. "ಮನೆಗೆ ನೆಂಟರು ಬಂದ್ರೆ ಎಲ್ಲಿ ಕೂರಿಸ್ತಾರೆ ಅಂತ ಗೊತ್ತಾಗಬೇಕಲ್ಲ ಸಾರ್. ನೀವು ಬನ್ನಿ, ಸುಮ್ನೆ ಕೂತಿರಿ, ಅದರಲ್ಲಿ ನಿಮ್ಮನ್ನ ಮೀರಿಸೋರಿಲ್ಲ" ಎಂದಳು. ನಿವೃತ್ತನಾದವನಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ಯಾರು ಕೊಡುತ್ತಾರೆ?

ಅದಕ್ಕೆ ಮೊದಲು ಬೆಟ್ಟವನ್ನು ಅಳೆಯಬೇಕು. ಮೇಸ್ತ್ರಿಯನ್ನು ಕರೆದುಕೊಂಡು ಎರಡು ದಿನ ಹುಲ್ಲಿನೊಳಗೆ ಇಳಿದು ಹತ್ತಿದಳು. ನೀರು ತುಂಬಿದ ಉದ್ದನೆಯ ಪಾರದರ್ಶಕ ಕೊಳವೆಯ ಒಂದು ತುದಿ ರಸ್ತೆಯಂಚಿನ ಗೂಟದಲ್ಲಿ, ಇನ್ನೊಂದು ತುದಿ ಮೇಸ್ತ್ರಿಯ ಕೈಯಲ್ಲಿ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದನ್ನು ನೋಡಿ, ಅಲ್ಲಿಂದ ನೆಲ ಎಷ್ಟು ಕೆಳಗಿದೆ ಎಂದು ಅಳೆದು ಪುಸ್ತಕದಲ್ಲಿ ಬರೆಯುವುದು. ಅರವತ್ತು ಗೂಟ, ಅರವತ್ತು ಅಳತೆ. ಆಮೇಲೆ ಮನೆಗೆ ಬಂದು, ಒಂದೇ ಎತ್ತರದ ಬಿಂದುಗಳನ್ನೆಲ್ಲ ಸೇರಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದಳು. ನೆಲ ಮೂರು ಅಡಿ ಇಳಿದಾಗಲೆಲ್ಲ ಒಂದು ಗೆರೆ. ಭೂಗೋಳದ ಪಾಠದಲ್ಲಿ ನಾವು ಬೆಟ್ಟದ ನಕ್ಷೆ ನೋಡಿಲ್ಲವೇ, ಅದೇ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರವಿದ್ದರೆ ನೆಲ ಹೆಚ್ಚುಕಡಿಮೆ ಮಟ್ಟಸ.

ಆ ಹಾಳೆಯನ್ನು ಅವಳು ಚಿತ್ರಗಾರ್ತಿಗೆ ತೋರಿಸಿದಳು. ತಪ್ಪು ಮೊಳಕೆಯೊಡೆದದ್ದು ಅಲ್ಲಿ.

"ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದು ಚಿತ್ರಗಾರ್ತಿ ಹಾಳೆಯನ್ನು ಕಿಟಕಿಗೆ ಹಿಡಿದಳು. "ಅಕ್ಕ, ಇದು ನಕ್ಷೆಯಲ್ಲ, ಚಿತ್ರ. ನೀರಿಗೆ ಕಲ್ಲು ಹಾಕಿದ ಹಾಗಿದೆ."

"ಇನ್ನೂ ಮುಗಿದಿಲ್ಲ. ಪ್ರತಿ ಗೆರೆ ಮೇಲೆ ಎತ್ತರದ ಅಂಕಿ ಬರೀಬೇಕು."

"ಬೇಡ, ಬೇಡ, ಈಗಲೇ ಬೇಡ. ಅಂಕಿ ಬಂದ್ರೆ ಲೆಕ್ಕದ ಪುಸ್ತಕ ಆಗಿಬಿಡತ್ತೆ. ಒಂದು ವಾರ ಹೀಗೇ ನಮ್ಮ ಗೋಡೆ ಮೇಲೆ ಇರ್ಲಿ, ದಿನಾ ನೋಡ್ತೀವಿ."

ಇಪ್ಪತ್ತೇಳು ವರ್ಷ ಗೆರೆ ಎಳೆದವಳಿಗೆ ಅವಳ ಗೆರೆ ಚೆಂದವಿದೆ ಎಂದು ಯಾರೂ ಹೇಳಿರಲಿಲ್ಲ. ಸರಿಯಿದೆ ಎಂದಿದ್ದರು, ತಪ್ಪಿದೆ ಎಂದಿದ್ದರು, ಬೇಗ ಕೊಡು ಎಂದಿದ್ದರು. ಅವಳು ಉಬ್ಬಿಹೋದಳು. ಅಂಕಿ ಬರೆಯದೆ ಹಾಳೆ ಬಿಟ್ಟುಬಂದಳು. ವಾರದ ಮೇಲೆ ತಂದು, ರಸ್ತೆಯಿಂದ ಕೆಳಗೆ ಗೆರೆಗಳನ್ನು ಎಣಿಸಿಕೊಂಡು ಮನೆಯನ್ನು ಬರೆದಳು. ಒಂದಕ್ಕಿಂತ ಒಂದು ಮೂರು ಅಡಿ ತಗ್ಗಿನಲ್ಲಿ ನಾಲ್ಕು ಹಂತ. ಮೊದಲ ಹಂತದಲ್ಲಿ ಮುಂಬಾಗಿಲು ಮತ್ತು ಮಲಗುವ ಕೋಣೆಗಳು, ಎರಡನೆಯದರಲ್ಲಿ ಅಡುಗೆ, ಮೂರನೆಯದರಲ್ಲಿ ಚಿತ್ರದ ಕೋಣೆ, ಎಲ್ಲಕ್ಕಿಂತ ಕೆಳಗೆ ಪಿಟೀಲಿನ ಕೋಣೆ.

ಬೆಡ್‌ಶೀಟಿನ ದಿನ ಬೆಳಿಗ್ಗೆ ಹುಲ್ಲು ಕೊಯ್ಯಿಸಿದ್ದರು. ದರ್ಜಿ ಗಂಡ ಇಪ್ಪತ್ತಾರು ಬೆಡ್‌ಶೀಟಿನ ಅಂಚಿಗೆ ಕುಣಿಕೆ ಹೊಲಿದುಕೊಟ್ಟಿದ್ದ. "ನಮ್ಮ ಮನೆಯಲ್ಲಿ ಇನ್ನು ಹೊದ್ಕೊಳ್ಳೋಕೆ ಉಳಿದಿರೋದು ನಕ್ಷೆಗಳೇ ಮೇಷ್ಟ್ರೇ" ಎಂದು ನನಗೆ ದೂರು ಕೊಟ್ಟು ಹೊಲಿಗೆಯ ಕೆಲಸಕ್ಕೆ ಹೊರಟುಹೋದ. ಹೂವಿನದು, ಪಟ್ಟೆಯದು, ಬಣ್ಣ ಹೋದದ್ದು, ಹೀಗೆ ತರಹೇವಾರಿ ಗೋಡೆಗಳು ಗಾಳಿಗೆ ಉಬ್ಬಿ ತಗ್ಗಿ ನಿಂತವು. ಪಿಟೀಲಿನವನು ತನ್ನ ಅರ್ಧ ಕೊರೆದ ಪಿಟೀಲಿನ ಬೆನ್ನುಹಲಗೆ ತಂದಿದ್ದ. ಚಿತ್ರಗಾರ್ತಿ ಬಣ್ಣದ ಪೆಟ್ಟಿಗೆ ತಂದಿದ್ದಳು. ನನಗೆ ಮೊದಲ ಹಂತದಲ್ಲಿ ಒಂದು ಕುರ್ಚಿ. ಅಣ್ಣ ತಮ್ಮದೇ ಮಡಿಸುವ ಕುರ್ಚಿ ಹಿಡಿದುಕೊಂಡು ಪರೀಕ್ಷಕರ ಗತ್ತಿನಲ್ಲಿ ಬಂದರು.

ಚಿಕ್ಕವನು ಅಡುಗೆಮನೆಯಿಂದ ಚಿತ್ರದ ಕೋಣೆಗೆ ಒಂದೇ ಓಟ ಓಡಿದ. ಅವನ ತಾಯಿ ಹಿಂದೆಯೇ ಓಡಿದಳು. ತಿರುಗಿ ಬರುತ್ತಾ, "ಅಕ್ಕ, ಇಲ್ಲಿ ಮೆಟ್ಟಿಲು ಬರಬೇಕಲ್ವಾ? ಇಳಿದ ಹಾಗೇ ಆಗ್ಲಿಲ್ಲ" ಎಂದಳು.

"ಹುಲ್ಲಿನ ಬುಡ ದಪ್ಪ ಇದೆ. ಮೇಸ್ತ್ರಿ ಮಟ್ಟ ನೋಡಿದ ಮೇಲೆ ಗೊತ್ತಾಗತ್ತೆ" ಎಂದಳು ಅಳತೆ. ಆದರೆ ಅವಳ ಹುಬ್ಬು ಗಂಟಿಕ್ಕಿದ್ದು ನನಗೆ ಕಂಡಿತು.

ಮೇಸ್ತ್ರಿ ಕೊಳವೆ ಹಿಡಿದು ಕೆಳಗಿನ ಕೋಣೆಯಿಂದ ಶುರುಮಾಡಿದ. ನಕ್ಷೆಯ ಪ್ರಕಾರ ಪಿಟೀಲಿನ ಕೋಣೆಯ ನೆಲ ರಸ್ತೆಗಿಂತ ಹನ್ನೆರಡು ಅಡಿ ಕೆಳಗೆ. ಅವನು ಕಂಬಕ್ಕೆ ಟೇಪು ಹಿಡಿದ, ಬಗ್ಗಿದ, ಇನ್ನೂ ಬಗ್ಗಿದ, ಮೊಣಕಾಲೂರಿದ. ಆಮೇಲೆ ತಲೆ ಎತ್ತಿ ಎಲ್ಲರಿಗೂ ಕೇಳುವಂತೆ ಹೇಳಿದ:

"ಅಮ್ಮಾ, ಒಂಬತ್ತಕ್ಕೇ ನೆಲ ಬಂತು. ಹನ್ನೆರಡು ಬೇಕಂದ್ರೆ ನಾನು ಹೆಗ್ಗಣ ಆಗಬೇಕು."

ಯಾರೂ ನಗಲಿಲ್ಲ. ಮೂರು ಅಡಿ. ಆ ನಕ್ಷೆಯಂತೆ ಕಟ್ಟಿದರೆ ಪಿಟೀಲಿನ ಕೋಣೆ ಮೂರು ಅಡಿ ಆಳದ ಗುಂಡಿಯಲ್ಲಿ ಕೂರುತ್ತಿತ್ತು. ಮಳೆ ಬಂದರೆ ಇಡೀ ಇಳಿಜಾರಿನ ನೀರು ಅದಕ್ಕೇ. ವರ್ಷಗಟ್ಟಲೆ ಒಣಗಿಸಿ ಕಾಪಾಡಿದ ಪಿಟೀಲಿನ ಮರ ಅಲ್ಲಿ ಒಂದು ಮಳೆಗಾಲವೂ ಬಾಳುತ್ತಿರಲಿಲ್ಲ.

ಅಣ್ಣ ಕುರ್ಚಿಯಿಂದ ಎದ್ದರು. "ಒಂದಡಿ ಅಂದಿದ್ದೆ ನಾನು. ಇವರು ಮೂರು ಕೊಟ್ಟಿದ್ದಾರೆ, ಉದಾರಿಗಳು."

ಅಳತೆ ಮೊಣಕಾಲೂರಿದಳು. ಗೆರೆಗಳ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕು ಮೂಲೆಗೂ ಕಲ್ಲಿಟ್ಟಳು. ಅಂಕಿಗಳ ಪುಸ್ತಕ ತೆರೆದು ಒಂದೊಂದು ಗೂಟದ ಅಂಕಿಗೂ ಬೆರಳಿಟ್ಟು ಗೆರೆಗೆ ತಾಳೆ ನೋಡುತ್ತಾ ಬಂದಳು. ಒಂದನೆಯದು ಸರಿ. ಎರಡನೆಯದು ಸರಿ. ಅಲ್ಲಿಂದ ಮುಂದಿನದಕ್ಕೆ ಬಂದಾಗ ಬೆರಳು ನಿಂತಿತು. ನಾನು ಪಕ್ಕದಲ್ಲೇ ನಿಂತಿದ್ದೆ. ಪುಸ್ತಕದ ಅಂಕಿಗಳಂತೆ ಅಲ್ಲಿ ಗೆರೆಯೇ ಇಲ್ಲ. ಹಾಳೆಯಲ್ಲಿ ಇದೆ. ಅದೇ ಪೆನ್ಸಿಲಿನ ಬಣ್ಣ, ಅದೇ ಬಾಗು, ಬಹಳ ಅಚ್ಚುಕಟ್ಟಾದ ಗೆರೆ. ಸ್ವಲ್ಪವೇ ಒತ್ತಿ ಬರೆದಿತ್ತು, ಅಷ್ಟೇ.

ಅವಳು ತಲೆ ಎತ್ತಿ ನೋಡಿದಳು. ಪಟ್ಟೆ ಬೆಡ್‌ಶೀಟಿನ ಹಿಂದೆ ಏಳು ವರ್ಷದ ಮಗಳು ನಿಂತಿದ್ದಳು. ಬೆಡ್‌ಶೀಟಿನ ಅಂಚನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಮೂವತ್ತೈದು ವರ್ಷ ಮಕ್ಕಳ ಮುಖ ನೋಡಿದವನಿಗೆ ಆ ಮುಖವನ್ನು ಓದಲು ಕನ್ನಡಕ ಬೇಕಾಗಿರಲಿಲ್ಲ. ಅಳತೆಗೂ ಬೇಕಾಗಿರಲಿಲ್ಲ.

ಅವಳು ಹಾಳೆ ಸುರುಳಿ ಸುತ್ತಿ ಎದ್ದಳು.

"ತಪ್ಪು ನನ್ನದು" ಎಂದಳು ಅಣ್ಣನ ಕಡೆ ತಿರುಗಿ. "ಗೆರೆ ಎಣಿಸೋ ಮೊದಲು ಪುಸ್ತಕಕ್ಕೆ ತಾಳೆ ನೋಡಬೇಕಿತ್ತು. ನೋಡ್ಲಿಲ್ಲ. ಗೆರೆ ಮೇಲೆ ಅಂಕಿ ಬರೀಬೇಕಿತ್ತು. ಬರೀಲಿಲ್ಲ."

"ಇಷ್ಟು ವರ್ಷದ ಅನುಭವ ಅಂದ್ರಲ್ಲ?"

"ಅದಕ್ಕೇ ನಾಚಿಕೆ ಆಗ್ತಿದೆ. ಅನುಭವ ಇಲ್ಲದೋರಾಗಿದ್ರೆ ತಾಳೆ ನೋಡಿರೋರು."

ಮಗುವಿನ ಹೆಸರನ್ನು ಎತ್ತಲಿಲ್ಲ. ಎತ್ತಿದ್ದರೆ ಅವಳ ಹೆಗಲಿನ ಭಾರ ಅರ್ಧ ಇಳಿಯುತ್ತಿತ್ತು. ಅವಳ ಮೊದಲ ಮನೆ, ಮೊದಲ ಸಹಿ, ಎಲ್ಲ ಕೈಜಾರುತ್ತಿದ್ದ ಗಳಿಗೆಯದು. ಅವಳು ಸುರುಳಿಯನ್ನು ಕಂಕುಳಲ್ಲಿ ಬಿಗಿಯಾಗಿ ಇರುಕಿಕೊಂಡು ನಿಂತಳು. ಆ ಹೊತ್ತಿನಲ್ಲಿ ನನಗೆ ಅವಳ ಬಗ್ಗೆ ಆದ ಹೆಮ್ಮೆಯನ್ನು ಪರವಾನಗಿ ತೋರಿಸಿದ ದಿನದ ಹೆಮ್ಮೆಗೆ ಹೋಲಿಸಲಾರೆ. ಇದು ಅದಕ್ಕಿಂತ ತೂಕದ್ದು.

"ಸರಿ ಹಾಗಾದ್ರೆ" ಎಂದರು ಅಣ್ಣ. "ನಾಳೆ ನಾನು ಇಂಜಿನಿಯರ್ ಹತ್ರ..."

"ಸಂಜೆವರೆಗೆ ಇರಿ" ಎಂದಳು ಅಳತೆ. "ಬೆಡ್‌ಶೀಟು ನಿಂತೇ ಇದೆ. ಈ ದಿನ ನನ್ನದು ಅಂತ ನೀವೇ ಒಪ್ಪಿದ್ದು. ದಿನ ಇನ್ನೂ ಮುಗಿದಿಲ್ಲ."

"ಅಣ್ಣ, ಊಟದ ಹೊತ್ತಾಯ್ತು" ಎಂದು ಪಿಟೀಲಿನವನು ನಡುವೆ ಬಂದ. "ಹಸಿದ ಹೊಟ್ಟೆಯಲ್ಲಿ ಕೋಪ ಮಾಡ್ಕೊಂಡ್ರೆ ನಿನಗೆ ತಲೆನೋವು ಬರತ್ತೆ. ಬುತ್ತಿ ಬಿಚ್ಚೋಣ."

ಬುತ್ತಿಯನ್ನು ಎಲ್ಲಿ ಬಿಚ್ಚಬೇಕು ಎಂದು ಯಾರೂ ಹೇಳಲಿಲ್ಲ. ಆದರೂ ಎಲ್ಲರೂ ಒಂದೇ ಕಡೆ ಹೋಗಿ ಕುಳಿತರು. ಚಿತ್ರಗಾರ್ತಿ ಅಲ್ಲೇ ಚಾಪೆ ಹಾಸಿದಳು. ಚಿಕ್ಕವನು ಅಲ್ಲೇ ಅಡ್ಡಾದಿಡ್ಡಿ ಓಡುತ್ತಿದ್ದ. ಪಿಟೀಲಿನವನು ತನ್ನ ಹಲಗೆಯನ್ನು ಅಲ್ಲಿನ ಎರಡು ಮರಗಳ ನೆರಳಿಗೆ ತಂದಿಟ್ಟ. ಮೇಸ್ತ್ರಿಯೂ ಕೈ ತೊಳೆದುಕೊಂಡು ಅಲ್ಲಿಗೇ ಬಂದ. ಅಣ್ಣನಂತೂ ಮಡಿಸುವ ಕುರ್ಚಿಯನ್ನು ಬೆಳಗಿನಿಂದ ಮೂರು ಕಡೆ ಹಾಕಿ ನೋಡಿ, ಮೂರೂ ಕಡೆ ಅದು ವಾಲಿ, ಕೊನೆಗೆ ಅಲ್ಲಿ ಹಾಕಿಕೊಂಡು "ಅಬ್ಬಾ" ಎಂದು ಬೆನ್ನು ಚಾಚಿದರು.

ಅಳತೆ ಊಟಕ್ಕೆ ಕೂರಲಿಲ್ಲ. ನಿಂತು ಎಲ್ಲರನ್ನೂ ನೋಡುತ್ತಿದ್ದಳು. ಆಮೇಲೆ ನಡುವೆ ನೇತಾಡುತ್ತಿದ್ದ ಹೂವಿನ ಬೆಡ್‌ಶೀಟಿನ ಹತ್ತಿರ ಹೋದಳು. ನಕ್ಷೆಯಲ್ಲಿ ಅಡುಗೆಮನೆ ಮುಗಿದು, ಮೆಟ್ಟಿಲಿಳಿದು, ಚಿತ್ರದ ಕೋಣೆ ಶುರುವಾಗಬೇಕಾದ ಜಾಗ ಅದು. ಅದನ್ನು ಕುಣಿಕೆಯಿಂದ ಬಿಚ್ಚಿ ತೆಗೆದಳು. ಆ ಕಡೆ ಈ ಕಡೆ ಎರಡೂ ಒಂದಾಯಿತು. ಗೋಡೆ ಹೋದ ಮೇಲೆ ನಮಗೂ ಕಂಡಿತು. ಬೆಟ್ಟ ಅಲ್ಲಿಯವರೆಗೆ ಇಳಿದು ಬಂದು, ದಣಿವಾರಿಸಿಕೊಳ್ಳಲೋ ಎಂಬಂತೆ ಇಷ್ಟಗಲ ಮಟ್ಟಸವಾಗಿ ನಿಂತು, ಆಮೇಲೆ ಮತ್ತೆ ಇಳಿದಿತ್ತು. ಅಳೆಯುವಾಗ ಸೊಂಟದೆತ್ತರದ ಹುಲ್ಲು ಅದನ್ನು ಮುಚ್ಚಿತ್ತು. ಹಾಳೆಯಲ್ಲಿ ಅದು ಎರಡು ಗೆರೆಗಳ ನಡುವಿನ ಅಗಲವಾದ ಬಿಳಿಜಾಗವಾಗಿತ್ತು. ಆ ಬಿಳಿಯ ನಟ್ಟನಡುವೆಯೇ ಹೆಚ್ಚಿನ ಗೆರೆ ಬಿದ್ದದ್ದು.

"ಮೇಸ್ತ್ರಿ, ಕೊಳವೆ ತನ್ನಿ" ಎಂದಳು. "ಈ ತುದಿಯಿಂದ ಆ ಮರದವರೆಗೆ."

ಮೇಸ್ತ್ರಿ ತುತ್ತು ನುಂಗಿ ಎದ್ದ. ನಲವತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲ. ಈ ತುದಿಗೂ ಆ ತುದಿಗೂ ಐದು ಇಂಚಿನ ವ್ಯತ್ಯಾಸ ಕೂಡ ಇಲ್ಲ.

ಆಮೇಲಿನ ಎರಡು ಗಂಟೆ ನಾನು ಅಲ್ಲಿ ಕಂಡದ್ದನ್ನು ಮರೆಯಲಾರೆ. ಅವಳು ಓಡಾಡುತ್ತಾ ಕಂಬ ಕಿತ್ತಳು, ನೆಟ್ಟಳು. ಕೆಳಗಿನ ಕೋಣೆಗಳ ಬೆಡ್‌ಶೀಟುಗಳೆಲ್ಲ ಮೇಲೆ ಬಂದವು. ಅಡುಗೆಯ ಜಾಗ ಒಂದು ತುದಿಗೆ. ನಡುವೆ, ಉತ್ತರದ ಬೆಳಕಿಗೆ ಮುಖ ಮಾಡಿ, ಚಿತ್ರದ ಮೇಜು. ಅದಕ್ಕೂ ಅಡುಗೆಗೂ ನಡುವೆ ಮಗು ಹತ್ತಲಾಗದಷ್ಟು ಎತ್ತರದ ಅರ್ಧಗೋಡೆ. ಮರಗಳ ನೆರಳಿನ ತುದಿಯಲ್ಲಿ ಪಿಟೀಲಿನ ಕೋಣೆ, ಗುಂಡಿಯಲ್ಲಲ್ಲ, ಎಲ್ಲರ ಜೊತೆ ಒಂದೇ ನೆಲದಲ್ಲಿ. ಮನೆಗೆ ಈಗ ಎರಡೇ ಹಂತ. ಕೆಳಗಿನ ಇಳಿಜಾರನ್ನು ಮುಟ್ಟುವುದೇ ಬೇಡ.

"ಅಡುಗೆ ಮಾಡ್ತಾ ಜಗಳ ಆಡಿದ್ರೆ ಪಿಟೀಲಿನ ಕೋಣೆಗೆ ಕೇಳಿಸತ್ತಾ?" ಎಂದು ಚಿತ್ರಗಾರ್ತಿ ಕೇಳಿದಳು.

"ಕೇಳಿಸತ್ತೆ."

"ಹಾಗಿದ್ರೆ ಒಳ್ಳೇದೇ. ಇನ್ನೊಂದು ಸಲ ಹೇಳೋ ಕೆಲಸ ತಪ್ಪತ್ತೆ."

ಅಣ್ಣ ಈ ತುದಿಯಿಂದ ಆ ತುದಿಗೆ ನಡೆದರು. ತಿರುಗಿ ನಡೆದು ಬಂದರು. ಮಂಡಿಯ ಮೇಲೆ ಕೈಯಿಟ್ಟು ನೋಡಿಕೊಂಡರು. "ಮೆಟ್ಟಿಲು?"

"ಮುಂಬಾಗಿಲಿಂದ ಇಲ್ಲಿಗೆ ಇಳಿಯೋಕೆ ಆರು. ಆಮೇಲೆ ಇಲ್ಲ."

"ಹೂಂ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು. ಆದರೆ ತಕ್ಷಣ ಸೇರಿಸಿದರು, "ಆದ್ರೂ ಮೂರು ಅಡಿ ಮೂರು ಅಡಿನೇ ಅಮ್ಮಾ. ಈ ಸಲ ಬುತ್ತಿಯಿಂದ ಬಚಾವಾದ್ರಿ. ನಾಳೆ ತಳಪಾಯದಲ್ಲಿ ಹೀಗೆ ಮಾಡಿದ್ರೆ?"

ಆಗ ಆ ಮಗು ಬಂತು. ಬೆಡ್‌ಶೀಟಿನ ಹಿಂದಿನಿಂದ ನೇರ ದೊಡ್ಡಪ್ಪನ ಎದುರಿಗೆ ಬಂದು ನಿಂತಿತು.

"ದೊಡ್ಡಪ್ಪ, ಆ ಗೆರೆ ಆಂಟಿ ಬರ್ದಿದ್ದಲ್ಲ. ನಾನು."

"ಯಾವ ಗೆರೆ?"

"ನಡುವಿಂದು. ಎಲ್ಲ ಗೆರೆ ಹತ್ತತ್ರ ಇದ್ವು, ಅಲ್ಲಿ ಮಾತ್ರ ತುಂಬಾ ಖಾಲಿ ಇತ್ತು. ಆಂಟಿ ಮರ್ತಿದ್ದಾರೆ ಅನ್ಕೊಂಡೆ. ಅದಕ್ಕೇ ಕುರ್ಚಿ ಹತ್ತಿ ಬರ್ದೆ." ಬೆರಳಿನಿಂದ ಗಾಳಿಯಲ್ಲಿ ಆ ಬಾಗು ಎಳೆದು ತೋರಿಸಿತು. "ಚೆನ್ನಾಗಿ ಬರ್ದಿದ್ದೆ."

ತಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೇರೆ ಯಾರ ಮನೆಯಲ್ಲಾದರೂ ನಕ್ಷೆಯನ್ನು ಬೀರುವಿನಲ್ಲಿ ಇಡುತ್ತಿದ್ದರು. ಇವರ ಮನೆಯಲ್ಲಿ ಅದು ಗೋಡೆಯ ಮೇಲಿನ ಚಿತ್ರವಾಗಿತ್ತು. ಚಿತ್ರದಲ್ಲಿ ಖಾಲಿ ಕಂಡರೆ ತುಂಬುವುದನ್ನು ಆ ಮಗು ತಾಯಿಯ ಪಕ್ಕದಲ್ಲೇ ಕುಳಿತು ಕಲಿತಿತ್ತು.

ಅಣ್ಣ ಅಳತೆಯ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತಾ?"

"ಗೊತ್ತಾಗಿತ್ತು."

"ಯಾವಾಗ?"

"ಹಾಳೆ ಹಾಸಿದಾಗ."

"ಮತ್ತೆ ಹೇಳಲಿಲ್ಲ?"

"ಮಗು ಗೆರೆ ಎಳೀತು, ನಾನು ಎಣಿಸಿದೆ. ಎಣಿಸೋದು ನನ್ನ ಕೆಲಸ ತಾನೇ?" ಎಂದು ಅವಳು ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. "ಚೆನ್ನಾಗೇ ಬರೆದಿದ್ದೀಯ ಪುಟ್ಟಿ. ಎಷ್ಟು ಚೆನ್ನಾಗಿ ಅಂದ್ರೆ ನನಗೇ ಗೊತ್ತಾಗ್ಲಿಲ್ಲ. ಆದ್ರೆ ಬೆಟ್ಟಕ್ಕೆ ಗೆರೆ ಸೇರಿಸಬೇಕು ಅಂದ್ರೆ ಮೊದಲು ಬೆಟ್ಟಾನ ಕೇಳಬೇಕು. ಕೇಳೋದು ಹೇಗೆ ಅಂತ ತೋರಿಸ್ತೀನಿ, ಬಾ." ಕೊಳವೆಯ ಒಂದು ತುದಿಯನ್ನು ಅದರ ಕೈಗೆ ಕೊಟ್ಟಳು.

ಅಣ್ಣ ಜೇಬಿನಿಂದ ಪೆನ್ನು ತೆಗೆದರು. "ಹೊಸ ನಕ್ಷೆ ಯಾವಾಗ ಆಗತ್ತೆ?"

"ನಾಲ್ಕು ದಿನ."

"ಅರ್ಜಿ ಎಲ್ಲಿ? ಈಗಲೇ ಸಹಿ ಹಾಕ್ತೀನಿ. ನಕ್ಷೆ ಆಮೇಲೆ ಲಗತ್ತಿಸಿ." ಮೇಸ್ತ್ರಿಯ ಬೆನ್ನನ್ನೇ ಮೇಜು ಮಾಡಿಕೊಂಡು ಸಹಿ ಹಾಕಿದರು. "ತಪ್ಪೇ ಮಾಡದೋರನ್ನ ನಾನು ಅಂಗಡಿಯಲ್ಲಿ ಬೇಕಾದಷ್ಟು ನೋಡಿದ್ದೀನಿ. ತಪ್ಪು ಯಾವಾಗಲೂ ಹಮಾಲಿದು, ಇಲ್ಲಾ ಲಾರಿಯೋನದು. ಯಾರ ತಲೆ ಮೇಲೂ ಹಾಕದೋರನ್ನ ಇವತ್ತೇ ನೋಡಿದ್ದು."

ನಾಲ್ಕು ದಿನಕ್ಕೆ ನಕ್ಷೆ ಸಿದ್ಧವಾಯಿತು. ಪ್ರತಿ ಗೆರೆಯ ಮೇಲೂ ಅಂಕಿ. ಮೂಲೆಯ ಚೌಕದಲ್ಲಿ ಅವಳ ಸಹಿ. ಅದನ್ನು ಮಂಜೂರಾತಿ ಕಚೇರಿಗೆ ಕೊಡಲು ಅವಳ ಜೊತೆ ಅಣ್ಣನೇ ಹೋದರಂತೆ. ಕಿಟಕಿಯ ಆಚೆ ಕುಳಿತಿದ್ದ ಗುಮಾಸ್ತರು ನಕ್ಷೆ ತಿರುವಿ ನೋಡಿ, ಅಣ್ಣನನ್ನು ನೋಡಿ, "ನಕ್ಷೆ ಮಾಡಿದೋರು ಯಾರು? ಅವರನ್ನ ಕರ್ಕೊಂಡು ಬರಬೇಕಿತ್ತು" ಎಂದರು. ಅಳತೆ ಬಾಯಿ ತೆರೆಯುವ ಮೊದಲೇ ಅಣ್ಣನ ಭಾರೀ ದನಿ ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡುವಂತೆ ಮೊಳಗಿತು: "ನಿಮ್ಮ ಎದುರಿಗೇ ನಿಂತಿದ್ದಾರಲ್ಲ ಸ್ವಾಮಿ, ಕಾಣಲ್ವಾ?"

ಮನೆ ಎದ್ದು ನಿಂತು ಈಗ ಒಂದು ವರ್ಷ ಕಳೆಯಿತು. ಹೋದ ವಾರ ನಾನು ಅಲ್ಲಿಗೆ ಹೋಗಿದ್ದೆ. ಆ ಉದ್ದನೆಯ ಕೋಣೆಯಲ್ಲಿ ತಾಯಿಯ ಮೇಜಿನ ಮೇಲೆ ಒಂದು ಆನೆಗೆ ಬಣ್ಣ ಏರುತ್ತಿತ್ತು. ಆ ತುದಿಯಿಂದ ಉಳಿಯ ಸಣ್ಣ ಸದ್ದು ಬರುತ್ತಿತ್ತು. ಅಣ್ಣ ಯಾರೋ ನಾಲ್ವರು ಗೆಳೆಯರನ್ನು ಕರೆತಂದು ಮನೆ ತೋರಿಸುತ್ತಿದ್ದರು. "ನೋಡಿ, ಇಲ್ಲಿಂದ ಅಲ್ಲಿವರೆಗೆ ಒಂದು ಮೆಟ್ಟಿಲೂ ಇಲ್ಲ. ಬೆಟ್ಟ ಕಡಿದಿಲ್ಲ, ಏನಿಲ್ಲ. ಸಮ ಮಾಡಿ ಕಟ್ಟೋಣ ಅಂತ ಜನ ಹೇಳ್ತಿದ್ರು, ನಾವು ಕೇಳಲಿಲ್ಲ" ಎಂದು ವಿವರಿಸುತ್ತಿದ್ದರು. ಪಿಟೀಲಿನವನು ಉಳಿ ನಿಲ್ಲಿಸಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಅಳತೆ ಆ ಕಡೆ ಗಮನವೇ ಇಲ್ಲದೆ, ಬಿಗಿಯಾಗಿದ್ದ ಒಂದು ಕಿಟಕಿಯ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದಳು.

ಗೆಳೆಯರಲ್ಲೊಬ್ಬರು, "ಇಂಜಿನಿಯರ್ ಯಾರು?" ಎಂದು ಕೇಳಿದರು. ಅಣ್ಣ ಉತ್ತರಿಸಲು ಉಸಿರೆಳೆದುಕೊಂಡರು. ನನಗೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ. ಅತಿಥಿಯಾಗಿ ಬಂದವನು ಎದ್ದು ನಿಂತು, ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ಹಳೆಯ ದನಿಯಲ್ಲಿ, "ಅಗೋ, ಆ ಕಿಟಕಿಯ ಹತ್ತಿರ ಇದ್ದಾಳಲ್ಲ, ಅವಳು. ನನ್ನ ಶಿಷ್ಯೆ" ಎಂದುಬಿಟ್ಟೆ.

"ಸಾರ್, ಸುಮ್ನೆ ಕೂತ್ಕೊಳ್ಳಿ" ಎಂದಳು ಅವಳು, ಎಣ್ಣೆಯ ಡಬ್ಬಿಯಿಂದ ತಲೆ ಎತ್ತದೆ. ಕಿವಿ ಮಾತ್ರ ಕೆಂಪಾಗಿತ್ತು.

ನಾನು ಕೂರಲಿಲ್ಲ.